ಅಂಗೈಯಗಲದ ಬ್ಯಾರನ್

ಪೆರೊನೆಲ್ ಅಮ್ಮನವರು ಕೂರುವ ಮೊದಲೇ ಅಂಗೈಯಗಲದ ಹಲಗೆಯ ಮೇಲೆ ಬರೆದ ಚಿತ್ರವೊಂದನ್ನು ತೆಗೆದು ಚಿತ್ರಕಾರ ಜೋರಿಸನ ಮೂಗಿನ ಮುಂದೆ ಹಿಡಿದರು. ಹಸಿರು ಹಿನ್ನೆಲೆ, ಕಪ್ಪು ಮಖಮಲ್ಲಿನ ಟೋಪಿ, ಅದಕ್ಕಿಂತ ಕಪ್ಪಗಿನ ಗಡ್ಡ.

"ನೀನೇ ಬರೆದಿದ್ದು ತಾನೇ?"

"ಹೌದು ಅಮ್ಮಾವ್ರೇ. ಬ್ಯಾರನ್ ಗೋಷೆ ಅವರದ್ದು."

"ನನ್ನನ್ನ ಮದುವೆ ಆಗ್ತೀನಿ ಅಂತ ಕಳಿಸಿದಾರೆ. ನಾನಿನ್ನೂ ಮುಖ ಕಂಡಿಲ್ಲ. ಗಡ್ಡ ನಿಜವಾಗ್ಲೂ ಇಷ್ಟು ಕಪ್ಪಗಿದೆಯೇನಯ್ಯಾ?"

ಜೋರಿಸ್ ಕುಂಚ ತೊಳೆಯತೊಡಗಿದ. ಲಿಯೋನ್ ಪಟ್ಟಣದಲ್ಲಿ ಸಿರಿವಂತರ ಮುಖ ಬರೆದು ಬದುಕುವವನು ಅವರ ಗಡ್ಡದ ಬಗ್ಗೆ ಬಾಯಿ ಬಿಡಬಾರದು. "ನಮ್ಮ ಅಂಗಡೀಲಿ ಬೆಳಕು ಸ್ವಲ್ಪ ಕಮ್ಮಿ, ಅಮ್ಮಾವ್ರೇ" ಎಂದ.

ಪೆರೊನೆಲ್ ಗೊಳ್ಳೆಂದು ನಕ್ಕರು. ಗಂಡ ಸತ್ತ ಮೇಲೆ ಕೋಟೆಯನ್ನೂ ದ್ರಾಕ್ಷಿ ತೋಟಗಳನ್ನೂ ಒಬ್ಬರೇ ನಿಭಾಯಿಸಿದವರು. ಊಟದ ಮೇಜಿನ ಆಚೆ ಬದಿಗೆ ಮಾತಿಗೊಬ್ಬರು ಬೇಕೆನಿಸಿತ್ತು, ಮೋಸಹೋಗುವ ಮನಸ್ಸಿರಲಿಲ್ಲ. "ಹಾಗಾದ್ರೆ ನನ್ನನ್ನ ಕಿಟಕಿ ಹತ್ರ ಕೂರಿಸು. ಎರಡು ಗದ್ದ ಕಂಡ್ರೆ ಎರಡೂ ಬರಿ. ನೋಡಿ ಬರೋರಾದ್ರೆ ಬರಲಿ."

ಜೋರಿಸ್ ಹಾಗೆಯೇ ಬರೆದ. ಕಣ್ಣಂಚಿನ ಸುಕ್ಕು, ಮೂಗಿನ ಪಕ್ಕದ ಮಚ್ಚೆ, ಎರಡೂ ಗದ್ದ, ನಗು ತಡೆದು ಹಿಡಿದ ತುಟಿ. ಅವನ ಹೆಂಡತಿ ನೋಡಿ, "ಇದನ್ನ ಕಳಿಸಿದ್ರೆ ಅವರ ಮದುವೇನೂ ಕೆಟ್ಟಿತು, ನಮ್ಮ ವ್ಯಾಪಾರಾನೂ ಕೆಟ್ಟಿತು" ಎಂದು ಹಣೆ ಚಚ್ಚಿಕೊಂಡಳು.

ದ್ರಾಕ್ಷಿ ಕೊಯ್ಲು ಮುಗಿಯುವ ಹೊತ್ತಿಗೆ ಬ್ಯಾರನ್ ಗೋಷೆ ಸ್ವತಃ ಬಂದು ಅಂಗಡಿಯ ಬಾಗಿಲು ತಟ್ಟಿದರು. ಕೈಯಲ್ಲಿ ಪೆರೊನೆಲ್ ಚಿತ್ರ. ಜೋರಿಸ್ ಕುಂಚ ಕೆಳಗಿಟ್ಟು ಕೈ ಮುಗಿದ.

"ಅವರೇ ಹೀಗೆ ಬರಿ ಅಂದ್ರು, ಬುದ್ಧೀ..."

ಬ್ಯಾರನ್ ಕುರ್ಚಿಯಲ್ಲಿ ದೊಪ್ಪೆಂದು ಕೂತರು. "ಈ ಚಿತ್ರ ಬಂದಾಗಿಂದ ನೋಡ್ತಾನೇ ಇದೀನಿ. ನನ್ನ ನೋಡಿ ನಗ್ತಿದಾರೆ ಅನ್ಸುತ್ತೆ. ಇಂಥೋರ ಮುಂದೆ ಆ ಕರಿಗಡ್ಡದ ಸುಳ್ಳು ಹೊತ್ಕೊಂಡು ಹೇಗೆ ನಿಲ್ಲಲಿ? ಇರೋ ಹಾಗೆ ಇನ್ನೊಂದು ಬರಿ." ಟೋಪಿ ತೆಗೆದರು. ತಲೆ ನುಣ್ಣಗೆ ಹೊಳೆಯಿತು. ಸ್ವಲ್ಪ ಹೊತ್ತು ಧೈರ್ಯವಾಗಿ ಕೂತರು. ಆಮೇಲೆ, "ಟೋಪಿ ಮಾತ್ರ ಇರಲಿ ಬಿಡು" ಎಂದು ಮೆಲ್ಲಗೆ ಮತ್ತೆ ಹಾಕಿಕೊಂಡರು.

ಬಿಳಿಗಡ್ಡದ ಬ್ಯಾರನ್ನರ ಚಿತ್ರ ಕೋಟೆ ತಲುಪಿತು. ಚಳಿ ಶುರುವಾದಾಗ ಪೆರೊನೆಲ್ ಮದುವೆಗೆ ಕರೆಯಲು ತಾವೇ ಅಂಗಡಿಗೆ ಬಂದರು. ಜೋರಿಸನ ಹೆಂಡತಿ ಸಂತೋಷದಿಂದ ಉಬ್ಬಿ, "ಇನ್ನು ಆ ಕರಿಗಡ್ಡದ್ದು ನಿಮಗ್ಯಾಕೆ ಅಮ್ಮಾವ್ರೇ? ಕೊಟ್ಬಿಡಿ. ಹಲಗೆ ಒಳ್ಳೇದು, ಬಣ್ಣ ಕೆರೆದು ಇನ್ಯಾರನ್ನಾದ್ರೂ ಬರೀತಾರೆ" ಎಂದಳು.

"ಕೊಡಲ್ಲ ಕಣಮ್ಮ," ಎಂದರು ಪೆರೊನೆಲ್. "ಬಿಳಿಗಡ್ಡದೋರನ್ನ ಮದುವೆ ಆಗ್ತೀನಿ. ಅವರ ಜೊತೆ ಜಗಳ ಆದ ದಿನ ನೋಡ್ತಾ ಕೂರೋಕೆ ಈ ಕರಿಗಡ್ಡದೋರು ಇರಲಿ."