ಬೇಳೆ ಬೆಂದ ದಿನ

ಗುರಮ್ಮ ಕುದಿಯುವ ಬೇಳೆಯಿಂದ ಒಂದು ಕಾಳು ತೆಗೆದು ಬೆರಳಲ್ಲಿ ಹಿಚುಕಿದಳು. ಬೆಣ್ಣೆಯಂತೆ ಕರಗಿತು. ಕರಗದೆ ಏನು? ಮೈಲಿಯಾಚೆ ಫಕ್ರೋದ್ದೀನನ ಮಾವಿನ ತೋಟದ ಬಾವಿಯಿಂದ ಬಂದವರ ಊಟಕ್ಕೆಂದು ಬೆಳಿಗ್ಗೆ ಎರಡು ಸಲ ಹೊತ್ತು ತಂದ ನೀರು. ಮನೆಯ ಬಾವಿಯ ನೀರಾದರೆ ಇಷ್ಟು ಹೊತ್ತಿಗೆ ಕಟ್ಟಿಗೆ ಮುಗಿದಿರುತ್ತಿತ್ತು, ಬೇಳೆ ಮಾತ್ರ ಹಾಗೇ ಇರುತ್ತಿತ್ತು. ಆ ನೀರಿಗೆ ಸಾಬೂನು ನೊರೆ ಬಿಡದು. ಕಾಯಿಸಿದ ಹಂಡೆಯೊಳಗೆ ಸುಣ್ಣದ ಹಾಗೆ ಬಿಳಿ ಪದರ ಕಟ್ಟುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ, “ಬ್ಯಾಳಿ ಬೇಯಾಂಗಿಲ್ಲಂದ್ರ ನಿನ್ನ ಕೈಗುಣ” ಎಂದಿದ್ದಳು. ಹನ್ನೊಂದು ವರ್ಷವಾದರೂ ಆ ಮಾತು ಗುರಮ್ಮನಿಗೆ ಆರಿರಲಿಲ್ಲ.

ಪಡಸಾಲೆಯಲ್ಲಿ ಓವರ್ಸಿಯರ್ ಉಣ್ಣಲು ಕುಳಿತಿದ್ದರು. ಊರಿಗೆ ಒಳ್ಳೆ ನೀರಿನ ಬಾವಿ ಬೇಕೆಂದು ಗಂಡ ಶಿವರಾಜಪ್ಪ ಉರ್ದುವಿನಲ್ಲಿ ಬರೆದ ಎರಡು ಅರ್ಜಿಗಳು ಹೈದರಾಬಾದಿಗೆ ಹೋಗಿ ಅಲ್ಲೇ ಉಳಿದಿದ್ದವು. ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡದಲ್ಲಿ ಬರೆದದ್ದಕ್ಕೆ ನೀರು ನೋಡಲು ಸರಕಾರದ ಈ ಮನುಷ್ಯರೇ ಬಂದಿದ್ದರು.

“ನಿಮ್ಮ ಬಾವಿ ನೀರು ಕುಡಿದು ನೋಡಿದೆ, ರುಚಿಗೇನೂ ಮೋಸ ಇಲ್ಲ,” ಓವರ್ಸಿಯರ್ ಅನ್ನ ಕಲಸುತ್ತ ಹೇಳಿದರು. “ಬೇಳೆ ಬೇಯೋಲ್ಲ ಅಂತ ಅರ್ಜೀಲಿ ಬರೆದಿದ್ದೀರಿ. ಇಷ್ಟು ನುಣ್ಣಗೆ ನಮ್ಮ ಮನೇಲೂ ಬೇಯೋಲ್ಲವಲ್ಲ ಸ್ವಾಮಿ.”

ಶಿವರಾಜಪ್ಪ ಮೀಸೆಯಲ್ಲೇ ನಕ್ಕ. “ನಮ್ಮ ಮನಿ ಅಡಗಿ ಅಂದ್ರ ಹಿಂಗೇ ನೋಡ್ರಿ ಸಾಹೇಬ್ರ. ಇನ್ನಾ ಹಾಕ್ಸ್ಕೋರಿ, ಸಂಕೋಚ ಮಾಡಬ್ಯಾಡ್ರಿ.”

“ಹಾಗಾದ್ರೆ ಹೊಸ ಬಾವಿ ಅಗತ್ಯವಿಲ್ಲ ಅಂತಲೇ ಬರೀಬೇಕಾಗುತ್ತೆ. ರಾತ್ರಿ ಊಟ ಮುಗಿಸಿ ವರದಿ ಬರೆದುಬಿಡ್ತೀನಿ. ಬೆಳಿಗ್ಗೆ ಸಂತಪುರಕ್ಕೆ ಹೋಗಿ ಬಸ್ಸು ಹಿಡೀಬೇಕು.”

ಖಾಲಿ ಪಾತ್ರೆ ಹಿಡಿದು ಒಳಗೆ ಬಂದ ಗಂಡನಿಗೆ ಗುರಮ್ಮ ಅಡ್ಡ ನಿಂತಳು.

“ನೀರು ಫಕ್ರೋದ್ದೀನ ಕಾಕಾನ ಬಾವಿದು ಅಂತ ಯಾಕ ಹೇಳ್ಲಿಲ್ರಿ?”

“ಮೆಲ್ಲಗ ಮಾತಾಡು. ಮಂದಿ ಬಾವಿ ನೀರು ತಂದು ಉಣಸ್ಲಕತ್ತೇವಿ ಅಂತ ಹೇಳ್ಕೊಳ್ಳೇನು?”

“ಅರ್ಜಿ ಬರ್ದಾವ್ರು ನೀವೇ ಅಲ್ರಿ?”

“ಅರ್ಜಿ ಬ್ಯಾರಿ, ಇಜ್ಜತ್ ಬ್ಯಾರಿ. ನಿನಗ ತಿಳ್ಯಾಂಗಿಲ್ಲ.”

“ಒಂದಿನ ಕೊಡ ಹೊತ್ತು ನೋಡ್ರಿ, ನಿಮಗ ಎಲ್ಲಾ ತಿಳಿತದ.”

“ಬಾಯಿ ಭಾಳ ಆಯ್ತು ನಿಂದು. ರಾತ್ರಿಗೂ ಇದೇ ಬ್ಯಾಳಿ ಮಾಡು, ಸಾಹೇಬ್ರಿಗಿ ಪಸಂದ ಬಂದದ.” ಅವನು ಪಾತ್ರೆ ತುಂಬಿಸಿಕೊಂಡು ಹೊರಟುಹೋದ.

ಕೊಡದ ಸಿಂಬೆ ಒತ್ತಿದ ಗುರಮ್ಮನ ನೆತ್ತಿ ಇನ್ನೂ ಉರಿಯುತ್ತಿತ್ತು. ಪಡಸಾಲೆಗೆ ಹೋಗಿ ಬಿಳಿ ಪದರ ಕಟ್ಟಿದ ಹಂಡೆಯನ್ನು ಓವರ್ಸಿಯರ್ ಎದುರು ವಾಲಿಸಿ ತೋರಿಸಬೇಕೆನಿಸಿತು. ಆ ಮನೆಯ ಸೊಸೆಯಂದಿರು ಹೊರಗಿನ ಗಂಡಸರ ಮುಂದೆ ಹೋಗುವುದಿರಲಿ, ದನಿ ಸಹ ಕೇಳಿಸುವಂತಿರಲಿಲ್ಲ. ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ತನ್ನ ಮೇಲೆಯೇ. ಓಣಿಯ ಹೆಂಗಸರೆಲ್ಲ ಕಾದಿದ್ದ ಬಾವಿಯನ್ನು, ಅದನ್ನು ತೋಡುವ ಮೊದಲೇ, ತಾನೇ ಎರಡು ಕೊಡ ನೀರು ಹೊತ್ತು ತಂದು ಮುಚ್ಚಿದ ಹಾಗಾಗಿತ್ತು.

ಉಂಡವರು ಅಡ್ಡಾದರು. ಪಡಸಾಲೆಯಿಂದ ಗೊರಕೆ ಕೇಳಿಸತೊಡಗಿತು. ರಾತ್ರಿಗೆಂದು ತುಂಬಿಟ್ಟಿದ್ದ ಎರಡನೆಯ ಕೊಡವನ್ನು ಗುರಮ್ಮ ಸೊಂಟಕ್ಕೇರಿಸಿ ಹಿತ್ತಲಿಗೆ ಬಂದಳು.

ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆಯೆತ್ತಿದಳು. “ಆ ನೀರು ಎಲ್ಲಿ ಒಯ್ಯಲಕತ್ತಿ?”

“ಎಮ್ಮಿಗಿ ನೀರಡಿಕಿ ಆಗ್ಯದ್ರಿ.”

ಕಲ್ಲಿನ ಬಾನಿಗೆ ನೀರು ಬಗ್ಗಿಸಿದಳು. ಎಮ್ಮೆ ಮೂಗಿನವರೆಗೆ ಮುಖ ಅದ್ದಿ, ಒಂದೇ ಉಸಿರಿಗೆಂಬಂತೆ ಹೀರಿ, ತಳ ನೆಕ್ಕಿತು. ಅದು ಮುಗಿಸುವವರೆಗೂ ಗುರಮ್ಮ ಅಲ್ಲೇ ನಿಂತಿದ್ದಳು. ಆಮೇಲೆ ಹಗ್ಗ ಹೆಗಲಿಗೆ ಹಾಕಿಕೊಂಡು, ಖಾಲಿ ಕೊಡ ಹಿಡಿದು, ಮನೆಯ ಬಾವಿಯ ಕಡೆ ನಡೆದಳು. ರಾತ್ರಿಯ ಬೇಳೆಗೆ ನೀರು ಬೇಕಿತ್ತು.