ಹಳದಿಯಾಗದ ಪ್ಲೇಟ್

"ಬ್ಯಾಕ್ಟೀರಿಯಾ ಕೊಲ್ಲೋಕೆ ಅಂತ ನೀನು ನಾಲ್ಕು ವರ್ಷ ಕೂತು ಮಾಡಿದ ಪೆಪ್ಟೈಡ್ ಒಂದನ್ನೂ ಕೊಲ್ಲಲಿಲ್ಲ. ಥೀಸಿಸ್‌ನಲ್ಲಿ 'ವಿಫಲ' ಅಂತ ಬರಿಯಮ್ಮ," ಎಂದರು ನನ್ನ ಗೈಡ್.

"ಬರಿಯಲ್ಲ ಸರ್. ಅದು ಕೊಲ್ಲಲ್ಲ, ನಿಜ. ಆದರೆ ಕೆರಳಿದ ಬಿಳಿ ರಕ್ತಕಣಗಳನ್ನ ಶಾಂತ ಮಾಡುತ್ತೆ. ಉರಿಯೂತ ಇಳಿಸುತ್ತೆ."

"ವಿಫಲ ಅಂತ ಕಮಿಟಿಗೆ ನಾನು ಆಗಲೇ ಹೇಳಿಯಾಗಿದೆ."

"ಹಾಗಾದರೆ ನೀವೇ ಪರೀಕ್ಷೆ ಮಾಡಿ. ನಾನು ಮುಟ್ಟೋದೂ ಇಲ್ಲ."

ಮಾಡಿದರು. ಎರಡು ಪ್ಲೇಟಿನಲ್ಲಿ ಬಿಳಿ ರಕ್ತಕಣ. ಕೆರಳಿಸಲು ಎರಡಕ್ಕೂ ಬ್ಯಾಕ್ಟೀರಿಯಾದ ವಿಷ, ಒಂದೇ ಅಳತೆ ಎಂದರು. ಒಂದಕ್ಕೆ ಮಾತ್ರ ನನ್ನ ಪೆಪ್ಟೈಡ್, ಆ ಪುಟ್ಟ ಪ್ರೋಟೀನ್ ತುಣುಕು. ಎಲ್ಲವನ್ನೂ ಲ್ಯಾಬ್ ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಅದು ಅವರದೇ ರೂಲ್ಸು: ಪುಸ್ತಕದಲ್ಲಿ ಇಲ್ಲದ್ದು ಈ ಲ್ಯಾಬಿನಲ್ಲಿ ನಡೆದೇ ಇಲ್ಲ.

ಮರುದಿನ ಪ್ಲೇಟುಗಳಿಂದ ದ್ರವ ತೆಗೆದು ರಾಸಾಯನಿಕ ಬೆರೆಸಿ ಬಣ್ಣ ನೋಡುವ ಹೊತ್ತಿಗೆ ಇಡೀ ಲ್ಯಾಬ್ ಸುತ್ತ ನೆರೆದಿತ್ತು. ಉರಿಯೂತವಿದ್ದರೆ ಹಳದಿ, ಇಲ್ಲದಿದ್ದರೆ ನೀರಿನಂತೆ ತಿಳಿ. ಪೆಪ್ಟೈಡ್ ಇಲ್ಲದ್ದು ಅರಿಶಿನ ಕದಡಿದ ಹಾಗೆ ಹಳದಿಯಾಯಿತು. ನನ್ನದು ತಿಳಿಯಾಗೇ ಉಳಿಯಿತು.

"ಕಣಗಳು ಸತ್ತಿರಬೇಕು," ಎಂದರು ಗೈಡ್.

ಪ್ಲೇಟನ್ನು ಮೈಕ್ರೋಸ್ಕೋಪಿನ ಕೆಳಗಿಡಲು ಹೇಳಿದೆ. ಇಟ್ಟು ಬಗ್ಗಿ ನೋಡಿದರು. ಕಣಗಳು ಬದುಕಿದ್ದವು.

"ಸಾಧ್ಯವೇ ಇಲ್ಲ!" ಮೇಜು ಗುದ್ದಿದರು. "ನಿನ್ನ ಪ್ಲೇಟಿಗೆ ನಾನು ಹತ್ತು ಪಟ್ಟು ವಿಷ ಹಾಕಿದ್ದೆ!"

ನಾನು ಲ್ಯಾಬ್ ಪುಸ್ತಕ ತೆರೆದು ಅವರ ಮುಂದೆ ಪೆನ್ನು ಹಿಡಿದೆ.

"ಬರೀರಿ ಸರ್. ಸಹಿನೂ ಹಾಕಿ."