ಚೆಕ್ಕುಬಂದಿ

ಮನೆ ಮಾರಿದವರು ಅದರೊಳಗೆ ಬಾಳಿದ ನೆನಪುಗಳನ್ನೂ ಕೊಂಡವರಿಗೆ ಬಿಟ್ಟುಕೊಡಬೇಕೆಂಬುದು ಅಲ್ಲಿಯ ಕಾನೂನು. ರುಜು ಬಿದ್ದ ಗಳಿಗೆಗೇ ಅವು ಅತ್ತ ಹೋಗಿಬಿಡುತ್ತಿದ್ದವು. ವಿಮಲಾಕ್ಷಿ ಮನೆ ಮಾರಲು ಹೊರಟಿದ್ದೇ ಅದಕ್ಕಾಗಿ. ಮಗಳು ಚಾರು ತೀರಿಕೊಂಡು ಎರಡು ವರ್ಷವಾಗಿದ್ದರೂ ಸಂಕಟ ಒಂದು ದಿನದ ಮಟ್ಟಿಗಾದರೂ ತಗ್ಗಿರಲಿಲ್ಲ.

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ಬರೆಯುವ ಕೊಟ್ರಪ್ಪ ಮನೆಯ ಚೆಕ್ಕುಬಂದಿ ಓದಿದ. "ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹಾಲಪ್ಪನವರ ಮನೆ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಖಾಲಿ ಸೈಟು. ಇಷ್ಟರೊಳಗೆ ನಡೆದಿದ್ದಷ್ಟೇ ಹೋಗೋದು, ಅಕ್ಕಾರ. ಇನ್ನೊಂದ್ಸಲ ಯೋಚ್ನೆ ಮಾಡ್ರಿ."

"ಮಾಡೀನಿ. ಪೆನ್ನು ಕೊಡ್ರಿ," ಎಂದು ಅವಳು ರುಜು ಹಾಕಿದಳು.

ಮನೆ ಕೊಂಡ ಅಂಬುಜಾ ಪಕ್ಕದ ಕುರ್ಚಿಯಲ್ಲಿ ಇದ್ದಕ್ಕಿದ್ದಂತೆ ನಕ್ಕಳು. "ಅಡುಗೆಮನೆ ಗೋಡೆ ತುಂಬ ಅರಿಶಿನದಾಗೆ ಆನೆ ಬರ್ದಾಳಲ್ರೀ," ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು.

ವಿಮಲಾಕ್ಷಿಗೆ ಯಾವ ಆನೆಯೂ ನೆನಪಾಗಲಿಲ್ಲ. ಆಸ್ಪತ್ರೆಯ ಮಂಚ, ಮಗುವಿನ ಮೂಗಿಗೆ ಹಾಕಿದ್ದ ನಳಿಕೆ, ಡಾಕ್ಟರು ತಲೆ ತಗ್ಗಿಸಿ ನಿಂತದ್ದು, ಇವು ಮಾತ್ರ ಹಾಗೇ ಉಳಿದಿದ್ದವು. ಆಸ್ಪತ್ರೆ ಚೆಕ್ಕುಬಂದಿಯ ಹೊರಗಿತ್ತು.

ಅವಳು ಅಂಬುಜಾಳ ಕೈ ಹಿಡಿದುಕೊಂಡಳು.

"ನಮ್ಮ ಚಾರು ನಗ್ತಿದ್ಲೇನ್ರೀ?"